ಸೇವೆ ನನ್ನ ಕರ್ತವ್ಯವಲ್ಲ, ನನ್ನ ತೀರ್ಮಾನ

(ಮಹಿಳೆಯರ ಮೇಲಿನ ದೌರ್ಜನ್ಯ ವಿರೋಧಿ ದಿನವಾದ ನವೆಂಬರ್ 25ರಂದು ಸೇರಿದ್ದ ಮಹಿಳೆಯರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)

29 ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿ 2023ರಲ್ಲಿ ನಿವೃತ್ತಳಾದವಳು ನಾನು. ಮಕ್ಕಳ ಮುಂದೆ ನಿಂತು ಎಷ್ಟು ಹೊತ್ತು ಬೇಕಾದರೂ ಮಾತಾಡಬಲ್ಲೆ. ಆದರೆ ನನ್ನ ಬದುಕಿನ ಬಗ್ಗೆ ಹೀಗೆ ಎಲ್ಲರೆದುರು ಹೇಳುವುದು ಇದೇ ಮೊದಲು. ತಡವರಿಸಿದರೆ ಸಹಿಸಿಕೊಳ್ಳಿ.

ವಿಷಯ ಇಷ್ಟು. ಆರು ವರ್ಷ ನನ್ನನ್ನು ಹೊಡೆದ ಮನುಷ್ಯನನ್ನು, ಅವನ ಮನೆ ಬಿಟ್ಟು ಬಂದು 26 ವರ್ಷಗಳಾದ ಮೇಲೆ, ನಾನಾಗಿಯೇ ಹೋಗಿ ನೋಡಿದೆ. ಈಗಲೂ ತಿಂಗಳಿಗೆ ಒಂದೆರಡು ಸಲ ಹೋಗಿ ಬರುತ್ತೇನೆ. ಆತನಿಗೆ ಪಾರ್ಕಿನ್ಸನ್ ಕಾಯಿಲೆ. ದಿನದಿಂದ ದಿನಕ್ಕೆ ಹೆಚ್ಚಾಗುವ, ವಾಸಿಯಾಗದ ಕಾಯಿಲೆ.

ಇದು ಗೊತ್ತಾದಾಗ ನೆಂಟರಿಷ್ಟರು, "ಅಂತೂ ಗಂಡನ ಹತ್ತಿರ ಹೋದೆಯಲ್ಲ, ದೇವರು ಬುದ್ಧಿ ಕೊಟ್ಟ" ಎಂದರು. ನನ್ನ ಸಂಘಟನೆಯ ಗೆಳತಿಯೊಬ್ಬಳು, "ಅಷ್ಟು ಏಟು ತಿಂದಮೇಲೂ ಹೋಗ್ತೀಯಲ್ಲ, ನಾವೆಲ್ಲ ಯಾತಕ್ಕೆ ಹೋರಾಡಿದ್ದು?" ಎಂದು ಕೇಳಿದಳು. ನೆಂಟರ ಸಂತೋಷವೂ ತಪ್ಪು, ಗೆಳತಿಯ ಸಿಟ್ಟೂ ಪೂರ್ತಿ ಸರಿಯಲ್ಲ. ಅದನ್ನು ವಿವರಿಸಲಿಕ್ಕೇ ಇಲ್ಲಿ ನಿಂತಿದ್ದೇನೆ.

ನನ್ನ ಮದುವೆ ಆದದ್ದು 1986ರಲ್ಲಿ, ದಾವಣಗೆರೆಯಲ್ಲಿ. ವರದಕ್ಷಿಣೆ ಕೊಡುವುದು, ತೆಗೆದುಕೊಳ್ಳುವುದು ಎರಡೂ ಅಪರಾಧ ಎಂಬ ಕಾನೂನು 1961ರಲ್ಲೇ ಬಂದಿತ್ತು. ನಮ್ಮ ಮನೆಯಲ್ಲಿ ಅದನ್ನು ಕೇಳಿದವರೇ ಇರಲಿಲ್ಲ. 40,000 ರೂಪಾಯಿ ನಗದು, 15 ತೊಲ ಬಂಗಾರ ಕೊಟ್ಟು ಅಪ್ಪ ಮದುವೆ ಮಾಡಿದರು. ಹುಡುಗ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಮಾತು ಕಡಿಮೆ, ಕುಡಿಯುವುದಿಲ್ಲ, ಒಳ್ಳೆಯ ಮನೆತನ ಎಂದು ಎಲ್ಲರೂ ಹೊಗಳಿದರು.

ಮೂರು ತಿಂಗಳಿಗೆ ಸ್ಕೂಟರಿನ ಮಾತು ಬಂತು. ಮಾತು ಏಟಿಗೆ ತಿರುಗಲು ಬಹಳ ದಿನ ಬೇಕಾಗಲಿಲ್ಲ. ಆತ ಹೊಡೆಯುವುದಕ್ಕೆ ಒಂದು ಕ್ರಮವಿತ್ತು. ಮೊದಲು ಬೀದಿ ಕಡೆಯ ಕಿಟಕಿ ಮುಚ್ಚುತ್ತಿದ್ದ. ಆಮೇಲೆ ಬಾಗಿಲ ಚಿಲಕ ಹಾಕುತ್ತಿದ್ದ. ಆಮೇಲೆ ರೇಡಿಯೋ ಜೋರು ಮಾಡುತ್ತಿದ್ದ. ಮುಖಕ್ಕೆ ಹೊಡೆಯುತ್ತಿರಲಿಲ್ಲ, ಬೆನ್ನಿಗೆ, ತೊಡೆಗೆ, ರವಿಕೆಯ ತೋಳು ಮುಚ್ಚುವಷ್ಟು ಜಾಗಕ್ಕೆ ಮಾತ್ರ. ಹೊರಗೆ ಅತ್ತೆ ಅಕ್ಕಿ ಆರಿಸುತ್ತಾ ಕೂತಿರುತ್ತಿದ್ದರು. ಮರುದಿನ ತವರಿಗೆ ಹೋಗಿ ಹೇಳಿದರೆ, ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಅಮ್ಮ ಕುಂಕುಮ ಕೊಟ್ಟು ವಾಪಸು ಕಳಿಸುತ್ತಿದ್ದಳು. ಅಮ್ಮನನ್ನು ನಾನು ದೂರುವುದಿಲ್ಲ. ಅವಳ ಹಿಂದೆ ಇನ್ನೂ ಇಬ್ಬರು ಮದುವೆಯಾಗದ ಹೆಣ್ಣುಮಕ್ಕಳಿದ್ದರು.

ಸ್ಟೌ ಸಿಡಿದು ಸೊಸೆ ಸತ್ತಳು ಎಂಬ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇದ್ದ ಕಾಲ ಅದು. ಒಂದೇ ಮನೆಯ ಸ್ಟೌ ಸೊಸೆಗೆ ಮಾತ್ರ ಯಾಕೆ ಸಿಡಿಯುತ್ತದೆ, ಅತ್ತೆಗೆ ಯಾಕೆ ಸಿಡಿಯುವುದಿಲ್ಲ ಎಂದು ಮಹಿಳಾ ಸಂಘಟನೆಗಳು ಕೇಳುತ್ತಿದ್ದವು. ಆ ಪ್ರಶ್ನೆ ನನ್ನ ತಲೆಯಲ್ಲಿ ಕೂತಿತು. 1992ರಲ್ಲಿ, ಮೂರು ವರ್ಷದ ಮಗಳನ್ನು ಎತ್ತಿಕೊಂಡು, ಒಂದು ಕೈಚೀಲ ಹಿಡಿದು ಹೊರಟು ಬಂದೆ.

ದೂರು ಕೊಟ್ಟೆ. 1983ರಲ್ಲಿ ದಂಡಸಂಹಿತೆಗೆ ಸೇರಿದ 498-ಎ ಕಲಮಿನಡಿ ಕೇಸು ದಾಖಲಾಯಿತು. ಅದು ಐದು ವರ್ಷ ಎಳೆಯಿತು. ಕೊನೆಗೆ ಹಿರಿಯರು ಕೂತು ರಾಜಿ ಮಾಡಿದರು: ಇಬ್ಬರ ಒಪ್ಪಿಗೆಯ ವಿಚ್ಛೇದನ ಕೊಡಿಸುತ್ತಾರೆ, ಬಂಗಾರದಲ್ಲಿ ಅರ್ಧ ವಾಪಸು ಕೊಡಿಸುತ್ತಾರೆ, ನಾನು ಸಾಕ್ಷಿ ಕಟ್ಟೆಯಲ್ಲಿ ಕೇಸು ಬೀಳುವ ಹಾಗೆ ಹೇಳಬೇಕು. ಮಗಳನ್ನು ಓದಿಸಬೇಕಿತ್ತು. ಒಪ್ಪಿಕೊಂಡೆ. ಗಂಡ ಹೊಡೆಯುತ್ತಿದ್ದನೇ ಎಂದು ಸರ್ಕಾರಿ ವಕೀಲರು ಕೇಳಿದಾಗ, "ನನಗೆ ನೆನಪಿಲ್ಲ" ಎಂದೆ. 1997ರಲ್ಲಿ ಆಡಿದ ಆ ಎರಡು ಮಾತು ಆರು ವರ್ಷದ ಏಟಿಗಿಂತ ಹೆಚ್ಚು ಕಾಲ ನನ್ನನ್ನು ನೋಯಿಸಿದೆ. ಕಾಗದದ ಮೇಲೆ ಆತ ನಿರ್ದೋಷಿ. ನಾನು ನೆನಪಿಲ್ಲದ ಹೆಂಗಸು.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಅಷ್ಟರಲ್ಲಿ ಶಿವಮೊಗ್ಗದ ಕಡೆ ಶಾಲೆಯಲ್ಲಿ ಕೆಲಸ ಸಿಕ್ಕಿತ್ತು. ಮಗಳು ಓದಿದಳು, ಕೆಲಸಕ್ಕೆ ಸೇರಿದಳು. 2018ರಲ್ಲಿ ಒಂದು ಮಧ್ಯಾಹ್ನ ಶಾಲೆಗೆ ಫೋನು ಬಂತು. ಹೆಂಗಸಿನ ದನಿ. "ಅಕ್ಕಾ, ನಾನು ಅವರ ಮನೆಯಾಕೆ. ದಯವಿಟ್ಟು ಫೋನ್ ಇಡಬೇಡಿ."

ಆತ 1999ರಲ್ಲಿ ಮರುಮದುವೆಯಾಗಿದ್ದ. ಕಾಯಿಲೆ ಗೊತ್ತಾದದ್ದು 2013ರಲ್ಲಿ. ಮೊದಲು ಬಲಗೈ ನಡುಕ. ಆಮೇಲೆ ಅಕ್ಷರ ಸಣ್ಣದಾಗುತ್ತಾ ಹೋಯಿತು. ಕಚೇರಿಯಲ್ಲಿ ಟಿಪ್ಪಣಿ ಬರೆದು ಬದುಕಿದವನ ಬರಹ ಇರುವೆ ಸಾಲಿನಂತಾಯಿತು. ಮುಖದ ಮೇಲೆ ಭಾವನೆ ಮೂಡುವುದು ನಿಂತಿತು. ದನಿ ಒಳಗೆ ಹೋಯಿತು. ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿದ್ದರು. ನಮ್ಮ ಮೆದುಳಿನ ಆಳದಲ್ಲಿ ಡೋಪಮಿನ್ ಎಂಬ ರಾಸಾಯನಿಕ ತಯಾರಿಸುವ ಜೀವಕೋಶಗಳಿವೆ. ಅವು ಒಂದೊಂದಾಗಿ ಸಾಯುವುದರಿಂದ ಈ ರೋಗದ ಚಲನೆಯ ತೊಂದರೆಗಳು ಬರುತ್ತವೆ. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಈ ರೋಗದ ಬಗ್ಗೆ ಬರೆದ. 200 ವರ್ಷ ದಾಟಿದರೂ ಇದನ್ನು ವಾಸಿಮಾಡುವ ಔಷಧಿ ಇಲ್ಲ. ಲೆವೊಡೋಪ ಎಂಬ ಮಾತ್ರೆ ಕೆಲವು ಗಂಟೆ ಮೈಯನ್ನು ಸಡಿಲಿಸುತ್ತದೆ. ಹೊತ್ತು ತಪ್ಪಿದರೆ ಮೈ ಮರಗಟ್ಟುತ್ತದೆ.

ಆಕೆ ನನ್ನಿಂದ ದುಡ್ಡು ಕೇಳಲಿಲ್ಲ. "ಅವರು ನಿಮ್ಮ ಹೆಸರು ಹೇಳ್ತಾರೆ ಅಕ್ಕಾ. ಒಂದ್ಸಲ ಬಂದು ಹೋಗಿ. ನನಗೂ ಯಾರ ಹತ್ರಾನೂ ಹೇಳೋಕೆ ಆಗ್ತಿಲ್ಲ" ಎಂದಳು. ಆ ಎರಡನೆಯ ಮಾತಿಗಾಗಿ ನಾನು ಹೋದೆ. ಆತನಿಗಾಗಿ ಹೋಗಲಿಲ್ಲ.

ಹೋಗುವ ಮೊದಲು ಮಗಳಿಗೆ ಹೇಳಿದೆ. "ನೀನು ಹೋಗಮ್ಮ, ನನ್ನನ್ನ ಕರೀಬೇಡ" ಎಂದಳು. ಇವತ್ತಿಗೂ ಅವಳು ಬಂದಿಲ್ಲ. ನಾನು ಬಲವಂತ ಮಾಡಿಲ್ಲ. ನೆರೆಮನೆಯಾಕೆ ಮಾತ್ರ, "ಮಾಡಿದ್ದುಣ್ಣೋ ಮಾರಾಯ ಅಂತ ದೇವರು ತೋರಿಸಿಬಿಟ್ಟ ನೋಡಿ, ಹೊಡೆದ ಕೈಯೇ ನಡುಗ್ತಿದೆ" ಎಂದಳು. ಕೇಳಲು ಹಿತವಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಬಸ್ಸಿನಲ್ಲಿ ಕೂತು ಯೋಚಿಸಿದೆ. ಇದೇ ಕಾಯಿಲೆ ಇರುವ ಒಬ್ಬ ನಿವೃತ್ತ ಶಿಕ್ಷಕಿ ನಮ್ಮ ಬೀದಿಯಲ್ಲೇ ಇದ್ದರು. ಅವರು ಯಾರನ್ನೂ ಹೊಡೆದವರಲ್ಲ. ರೋಗವನ್ನು ಶಿಕ್ಷೆ ಎಂದು ಒಪ್ಪಿದರೆ, ಬಂಜೆಯಾದವಳಿಗೆ, ಗಂಡ ಸತ್ತವಳಿಗೆ, ತೊನ್ನಾದವಳಿಗೆ ಇದೇ ಸಮಾಜ ಹೇಳುವ ಕರ್ಮದ ಮಾತನ್ನೂ ಒಪ್ಪಬೇಕಾಗುತ್ತದೆ. ಶಿಕ್ಷೆ ಕೊಡಬೇಕಾದದ್ದು ಕೋರ್ಟು. ಅದು ಕೊಡಲಿಲ್ಲ. ಕೋರ್ಟಿನ ಕೆಲಸವನ್ನು ರೋಗಕ್ಕೆ ಒಪ್ಪಿಸಿ ನಾವು ಸಮಾಧಾನ ಪಡಬಾರದು.

ಮನೆ ಅದೇ ಹಳೆಯ ಮನೆ. ಆತ ನಡುಮನೆಯಿಂದ ಹೊರಕೋಣೆಗೆ ಬರುತ್ತಿದ್ದ. ಹೊಸ್ತಿಲ ಹತ್ತಿರ ನಿಂತುಬಿಟ್ಟ. ಪಾದ ನೆಲಕ್ಕೆ ಅಂಟಿದ ಹಾಗೆ. ಈ ಕಾಯಿಲೆಯವರಲ್ಲಿ ಹಲವರಿಗೆ ಬಾಗಿಲು, ಇಕ್ಕಟ್ಟು ಜಾಗ ಬಂದಾಗ ಹೀಗೆ ಕಾಲು ಕಟ್ಟಿಹೋಗುತ್ತದೆ. ನೆಲದ ಮೇಲೆ ಅಡ್ಡ ಗೆರೆ ಕಂಡರೆ ಅದನ್ನು ದಾಟುವ ನೆಪದಲ್ಲಿ ಹೆಜ್ಜೆ ಏಳುತ್ತದೆ. ಆಕೆ ಸೀಮೆಸುಣ್ಣದಲ್ಲಿ ಹೊಸ್ತಿಲ ಆಚೆಗೂ ಈಚೆಗೂ ಗೆರೆ ಎಳೆದಿದ್ದಳು. ಆತ ಗೆರೆ ನೋಡಿ ಒಂದೊಂದೇ ಹೆಜ್ಜೆ ಎತ್ತಿ ಬಂದು ಕೂತ. ನನಗೆ ಕನಿಕರ ಬಂತೇ? ಬಂತು. ಜೊತೆಗೇ ಬೆನ್ನು ಸೆಟೆದುಕೊಂಡಿತು. ಆ ಬಾಗಿಲ ಚಿಲಕ ಇನ್ನೂ ಅದೇ ಇತ್ತು.

ಆಕೆಯನ್ನು ನೋಡಿದೆ. ನನಗಿಂತ ಹತ್ತು ವರ್ಷ ಚಿಕ್ಕವಳು, ಹತ್ತು ವರ್ಷ ದೊಡ್ಡವಳ ಹಾಗೆ ಕಾಣುತ್ತಿದ್ದಳು. ಐದು ವರ್ಷದಿಂದ ಒಂದು ರಾತ್ರಿ ಪೂರ್ತಿ ನಿದ್ದೆ ಮಾಡಿರಲಿಲ್ಲ. ಮಗ ಬೆಂಗಳೂರಿನಲ್ಲಿ, ಹಬ್ಬಕ್ಕೆ ಬರುತ್ತಾನೆ. ಮೈದುನ ಎರಡು ಬೀದಿ ಆಚೆ, ಬಂದು ಕಾಫಿ ಕುಡಿದು ಅಣ್ಣನನ್ನು ವಿಚಾರಿಸಿ ಹೋಗುತ್ತಾನೆ. ಎತ್ತುವುದು, ಕೂರಿಸುವುದು, ಸ್ನಾನ, ಮಲಮೂತ್ರ, ಊಟ, ಮಾತ್ರೆ ಎಲ್ಲ ಆಕೆಯದು. ಕೇಂದ್ರ ಸರ್ಕಾರ 2019ರಲ್ಲಿ ಸಮಯ ಬಳಕೆಯ ಸಮೀಕ್ಷೆ ಮಾಡಿತ್ತು. ಕೂಲಿಯಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ಆಗ ದಿನಕ್ಕೆ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಮನೆಯವರ ಆರೈಕೆಗೆ ಹೆಂಗಸರು 134 ನಿಮಿಷ, ಗಂಡಸರು 76. ಇದು ಸರಾಸರಿ. ಆಕೆಯ ಲೆಕ್ಕದಲ್ಲಿ ದಿನದ 24 ಗಂಟೆಯೂ ಹೋಗಿತ್ತು.

ಎರಡನೆಯ ಸಲ ಹೋದಾಗ ಮೈದುನ ಬಂದು ಕೂತ. "ಅತ್ತಿಗೆ, ಎಷ್ಟಾದರೂ ಅಗ್ನಿಸಾಕ್ಷಿಯಾಗಿ ಕೈಹಿಡಿದವರು ನೀವು. ಕೋರ್ಟಿನ ಕಾಗದಕ್ಕೆ ಏನು ಬೆಲೆ? ನಿಮಗೂ ರಿಟೈರ್ಮೆಂಟ್ ಹತ್ತಿರ ಬಂತು, ಇಲ್ಲೇ ಬಂದು ಇರಿ. ಇಬ್ಬರು ಹೆಂಗಸರಾದರೆ ಹಗುರ" ಎಂದ. ಆತನಿಗೆ ತನ್ನ ಕೈಗಳು ನೆನಪಾಗಲೇ ಇಲ್ಲ. ನನ್ನ ಕೈಗಳು ನೆನಪಾದವು.

ಭೀಮನ ಅಮಾವಾಸ್ಯೆಯ ಕಥೆ ನಿಮಗೆಲ್ಲ ಗೊತ್ತು. ಹಣದಾಸೆಗೆ ಅಣ್ಣಂದಿರು ತಂಗಿಯನ್ನು ಸತ್ತ ರಾಜಕುಮಾರನಿಗೆ ಮದುವೆ ಮಾಡಿಕೊಡುತ್ತಾರೆ. ಅವಳು ಆ ಹೆಣದ ಪಕ್ಕ ಕೂತು ಮಣ್ಣಿನ ದೀಪ ಮಾಡಿ ಪೂಜಿಸಿ ಗಂಡನನ್ನು ಬದುಕಿಸಿಕೊಳ್ಳುತ್ತಾಳೆ. ನಾವು ವರ್ಷವರ್ಷವೂ ಅವಳ ಭಕ್ತಿಯನ್ನು ಕೊಂಡಾಡುತ್ತೇವೆ. ಅವಳನ್ನು ಹೆಣಕ್ಕೆ ಮಾರಿದವರು ಏನಾದರು ಎಂದು ಕೇಳುವುದಿಲ್ಲ. ಮೈದುನ ನನ್ನನ್ನು ಕರೆದದ್ದು ಆ ದೀಪ ಹಚ್ಚಲಿಕ್ಕೆ.

ನಾನು ಒಪ್ಪದಿದ್ದಾಗ ಅವನು ಬೇರೆ ದಾರಿ ಹಿಡಿದ. ಈ ಕಾಯಿಲೆಯವರಲ್ಲಿ ಹಲವರು ಕನಸು ಕಾಣುವಾಗ ಕೂಗುತ್ತಾರೆ, ಕೈಕಾಲು ಬೀಸುತ್ತಾರೆ, ಮಗ್ಗುಲಲ್ಲಿದ್ದವರಿಗೆ ಹೊಡೆದುಬಿಡುತ್ತಾರೆ. ಕನಸಿನ ಹೊತ್ತಿನಲ್ಲಿ ಮೈಯ ಸ್ನಾಯುಗಳನ್ನು ಸಡಿಲ ಬಿಡುವ ಮೆದುಳಿನ ಏರ್ಪಾಡು ಕೆಡುವುದರಿಂದ ಹೀಗಾಗುತ್ತದೆ. ನಡುಕ ಬರುವ ಎಷ್ಟೋ ವರ್ಷ ಮೊದಲೇ ಇದು ಕಾಣಿಸಬಹುದು. ಡಾಕ್ಟರು ಹೇಳಿದ ಇದನ್ನು ಹಿಡಿದುಕೊಂಡು ಅವನು, "ನೋಡಿ ಅತ್ತಿಗೆ, ಆಗಲೂ ಕಾಯಿಲೆಯೇ ಇತ್ತೇನೋ. ಪಾಪ, ರೋಗಿಯ ಮೇಲೆ ಕೇಸು ಹಾಕಿದಿರಿ" ಎಂದ.

ಗೆಳತಿಯರೇ, ಈ ಮಾತನ್ನು ನೀವು ಬೇರೆ ಬೇರೆ ರೂಪದಲ್ಲಿ ಕೇಳಿರುತ್ತೀರಿ. ಕುಡಿದಿದ್ದ, ಸಾಲವಿತ್ತು, ತಲೆ ಸರಿಯಿರಲಿಲ್ಲ. ನಾನು ಅವನಿಗೆ ಹೇಳಿದ್ದು ಇಷ್ಟೇ: ನಿದ್ದೆಯಲ್ಲಿ ಬೀಸುವ ಕೈ ಮೊದಲು ಎದ್ದುಹೋಗಿ ಕಿಟಕಿ ಮುಚ್ಚುವುದಿಲ್ಲ. ಚಿಲಕ ಹಾಕುವುದಿಲ್ಲ. ರೇಡಿಯೋ ಜೋರು ಮಾಡುವುದಿಲ್ಲ. ಕಚೇರಿಯಲ್ಲಿ ಸಾಹೇಬರು ಬೈದಾಗ ಸುಮ್ಮನಿದ್ದು, ಮನೆಗೆ ಬಂದು ಹೆಂಡತಿಯ ಬೆನ್ನನ್ನೇ ಆರಿಸಿಕೊಳ್ಳುವುದಿಲ್ಲ. ಈಗ ನಿದ್ದೆಯಲ್ಲಿ ಆತ ಬೀಸುವ ಕೈ ಕಾಯಿಲೆ. ಅದಕ್ಕೆ ಔಷಧಿ ಬೇಕು, ಆಕೆಗೆ ಬೇರೆ ಮಂಚ ಬೇಕು. ಆಗ ಎಚ್ಚರದಲ್ಲಿ ಎತ್ತಿದ ಕೈ ತೀರ್ಮಾನ. ಎರಡನ್ನೂ ಒಂದೇ ಚೀಲಕ್ಕೆ ಹಾಕಬೇಡ.

ಇದನ್ನೆಲ್ಲ ಆತ ಅಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದ. ಮುಖದಲ್ಲಿ ಏನೂ ಗೊತ್ತಾಗುತ್ತಿರಲಿಲ್ಲ. ಮೈದುನ ಹೋದಮೇಲೆ ನಾನು ಎದುರಿಗೆ ಕುರ್ಚಿ ಎಳೆದು ಕೂತು ಕೇಳಿದೆ: "ಕಿಟಕಿ ಮುಚ್ಚಿ ಚಿಲಕ ಹಾಕ್ತಿದ್ದಿದ್ದು ನೆನಪಿದೆಯಾ?"

ಬಹಳ ಹೊತ್ತಾಯಿತು. ಈ ಕಾಯಿಲೆಯಲ್ಲಿ ಉತ್ತರ ಬರಲು ತಡವಾಗುತ್ತದೆ, ಕಾಯಬೇಕು. ತುಟಿ ಅಲುಗಿತು. "ಇದೆ" ಎಂದ.

ಅಷ್ಟೇ. ಕ್ಷಮಿಸು ಎನ್ನಲಿಲ್ಲ. ಇವತ್ತಿನವರೆಗೂ ಎಂದಿಲ್ಲ. ನಾನು ಕ್ಷಮಿಸಿದ್ದೇನೆ ಎಂದು ಹೇಳಿಯೂ ಇಲ್ಲ. ಆದರೆ ಕೋರ್ಟಿನಲ್ಲಿ ನಾನು ನೆನಪಿಲ್ಲ ಎಂದಿದ್ದೆ. ನೆನಪಿದೆ ಎಂದು ಆತನ ಬಾಯಲ್ಲೇ ಬಂತು. ಆ ಒಂದು ಮಾತಿಗೆ ನಾನು 21 ವರ್ಷ ಕಾದಿದ್ದೆ ಎಂದು ಆಗಲೇ ನನಗೆ ಗೊತ್ತಾದದ್ದು.

ಅಡಿಗೆಮನೆಯ ಬಾಗಿಲಲ್ಲಿ ಆಕೆ ನಿಂತಿದ್ದಳು. ಲೋಟ ಕೆಳಗಿಟ್ಟು, "ನನಗೂ ಕಿಟಕಿ ಮುಚ್ಚುತ್ತಿದ್ದರು ಅಕ್ಕಾ" ಎಂದಳು. ಇಬ್ಬರೂ ಹಿತ್ತಿಲ ಕಟ್ಟೆಯ ಮೇಲೆ ಸಂಜೆಯವರೆಗೆ ಕೂತೆವು. 19 ವರ್ಷದಲ್ಲಿ ಆಕೆ ಯಾರಿಗೂ ಹೇಳದ್ದನ್ನು ಹೇಳಿದಳು. ನಾನು ಬಿಟ್ಟು ಬಂದ ಜಾಗದಲ್ಲಿ ಇನ್ನೊಬ್ಬಳು ನಿಂತಿದ್ದಳು ಎಂಬುದನ್ನು ನಾನು ಅಷ್ಟು ವರ್ಷ ಯೋಚಿಸಿಯೇ ಇರಲಿಲ್ಲ. ನನ್ನ ಕೇಸು ಗೆದ್ದಿದ್ದರೆ ಆಕೆಯ ಮದುವೆ ಆಗುತ್ತಿತ್ತೇ? ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ತಪ್ಪು ನನ್ನದಲ್ಲ, ರಾಜಿ ಮಾಡಿಸಿದವರದು ಎಂದು ಗೊತ್ತಿದ್ದೂ ಬಿಟ್ಟಿಲ್ಲ.

ಆಮೇಲೆ ನಾವಿಬ್ಬರೂ ಕೂತು ಕೆಲವು ತೀರ್ಮಾನ ಮಾಡಿದೆವು. ಮಗನನ್ನೂ ಮೈದುನನನ್ನೂ ಕರೆಸಿ ಎದುರಿಗೆ ಕೂರಿಸಿದೆವು. ಹಗಲು ಹೊತ್ತಿಗೆ ಒಬ್ಬ ಗಂಡಾಳು, ಅವನ ಸಂಬಳ ಮಗ ಮತ್ತು ಮೈದುನ ಹಂಚಿಕೊಳ್ಳಬೇಕು. ವಾರಕ್ಕೆ ಎರಡು ರಾತ್ರಿ ಮೈದುನ ಅಣ್ಣನ ಪಕ್ಕ ಮಲಗಬೇಕು. ಆಕೆಗೆ ಬೇರೆ ಕೋಣೆ. ಶಾಲೆಯ ವೇಳಾಪಟ್ಟಿ ಬರೆದ ಹಾಗೆ ಮಾತ್ರೆಯ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಊಟದ ಬೇಳೆ, ಮೊಟ್ಟೆಯಂಥ ಪದಾರ್ಥದ ಜೊತೆ ಲೆವೊಡೋಪ ತೆಗೆದುಕೊಂಡರೆ ಕೆಲವರಲ್ಲಿ ಅದು ಸರಿಯಾಗಿ ಮೈಗೆ ಹತ್ತುವುದಿಲ್ಲ, ಆದ್ದರಿಂದ ಡಾಕ್ಟರನ್ನು ಕೇಳಿ ಹೊತ್ತು ಗೊತ್ತುಮಾಡಿದೆವು. ಯಾರೋ ಕೊಟ್ಟ ನಸುಗುನ್ನಿ ಬೀಜದ ಪುಡಿಯನ್ನೂ ಆಕೆ ಮಾತ್ರೆಯ ಜೊತೆಗೆ ತಿನ್ನಿಸುತ್ತಿದ್ದಳು. ಆ ಬೀಜದಲ್ಲೂ ಲೆವೊಡೋಪವೇ ಇರುತ್ತದೆ. ಡಾಕ್ಟರಿಗೆ ಹೇಳದೆ ಎರಡನ್ನೂ ಕೊಟ್ಟರೆ ಅಳತೆ ತಪ್ಪುತ್ತದೆ. ಅದನ್ನು ನಿಲ್ಲಿಸಿದೆವು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಪಾರ್ಕಿನ್ಸನ್ ಕಾಯಿಲೆ ಸೇರಿದೆ. ಅದರ ಪ್ರಕಾರ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿಸಿದೆವು. ಅದೇ ಕಾಯ್ದೆಯ 24ನೇ ಕಲಮಿನಲ್ಲಿ, ಹೆಚ್ಚಿನ ನೆರವು ಬೇಕಾದವರ ಆರೈಕೆದಾರರಿಗಾಗಿ ಭತ್ಯೆ ಎಂಬ ಮಾತೂ ಇದೆ. ಅದು ಮನೆಮನೆಗೆ ತಲುಪಬೇಕೆಂದು ಕೇಳುವುದು ನಮ್ಮ ಚಳವಳಿಯ ಕೆಲಸವಾಗಬೇಕು.

ನನ್ನ ಪಾಲಿಗೆ ನಾನು ಗೆರೆ ಹಾಕಿಕೊಂಡೆ. ತಿಂಗಳಿಗೆ ಒಂದೆರಡು ಸಲ ಹೋಗುತ್ತೇನೆ. ಆ ದಿನ ಆಕೆ ಮನೆಯಿಂದ ಹೊರಗೆ ಹೋಗುತ್ತಾಳೆ: ತಂಗಿಯ ಮನೆಗೆ, ಸಂತೆಗೆ, ಒಮ್ಮೆ ಸುಮ್ಮನೆ ಸಿನಿಮಾಕ್ಕೆ. ನಾನು ಊಟ ಬಡಿಸುತ್ತೇನೆ, ಪತ್ರಿಕೆ ಓದಿ ಹೇಳುತ್ತೇನೆ. ಆತನ ಮೈ ತೊಳೆಯುವುದಿಲ್ಲ. ಆ ಮನೆಯಲ್ಲಿ ರಾತ್ರಿ ಉಳಿಯುವುದಿಲ್ಲ. ಬಾಗಿಲು ತೆರೆದೇ ಇರುತ್ತದೆ. ಬೇಡವೆನಿಸಿದ ದಿನ ಹೋಗುವುದಿಲ್ಲ, ಯಾರಿಗೂ ಕಾರಣ ಕೊಡುವುದಿಲ್ಲ.

ಇಲ್ಲಿ ಕೂತಿರುವ ವಿಚ್ಛೇದಿತ ಸೋದರಿಯರಿಗೆ ಸ್ಪಷ್ಟವಾಗಿ ಹೇಳಬೇಕು. ಮಾಜಿ ಗಂಡನ ಶುಶ್ರೂಷೆ ಮಾಡಲೇಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಹೋಗದಿದ್ದವಳು ಕಲ್ಲುಮನಸ್ಸಿನವಳಲ್ಲ. ನನ್ನ ಮಗಳು ಹೋಗಲಿಲ್ಲ, ಅವಳೂ ಸರಿ. ನಾನು ಹೋದೆ, ನಾನೂ ಸರಿ. ಹೋಗುವುದಾದರೆ ಅದು ನಮ್ಮ ತೀರ್ಮಾನವಾಗಿರಬೇಕು. ಮಾಂಗಲ್ಯ, ಋಣಾನುಬಂಧ, ಊರಿನವರ ಬಾಯಿ ಇವು ನಮ್ಮನ್ನು ಎಳೆದುಕೊಂಡು ಹೋಗಬಾರದು. ಆರೈಕೆ ದೊಡ್ಡ ಕೆಲಸ, ಒಳ್ಳೆಯ ಕೆಲಸ. ಅದಕ್ಕೇ ಅದನ್ನು ಹೆದರಿಸಿ ಮಾಡಿಸಬಾರದು.

ಹಾಗೇ ಆ ಮನೆಯಲ್ಲಿ ಉಳಿದುಕೊಂಡವಳನ್ನೂ ನಾವು ಮರೆಯಬಾರದು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಜಾರಿಗೆ ಬಂದದ್ದು 2006ರ ಅಕ್ಟೋಬರ್‌ನಲ್ಲಿ. ಆಗ ಆಕೆ ಆ ಚಿಲಕದ ಒಳಗಿದ್ದಳು, ಯಾರೂ ಹೋಗಿ ಹೇಳಲಿಲ್ಲ. 498-ಎ ಈಗ ಭಾರತೀಯ ನ್ಯಾಯ ಸಂಹಿತೆಯಲ್ಲಿ 85 ಮತ್ತು 86ನೇ ಕಲಮುಗಳಾಗಿ, 2024ರ ಜುಲೈ 1ರಿಂದ ಜಾರಿಯಲ್ಲಿದೆ. ಕಲಮಿನ ಅಂಕಿ ಬದಲಾಗಿದೆ. ರಾಜಿ ಮಾಡಿಸುವ ಹಿರಿಯರು ಬದಲಾಗಿಲ್ಲ. ಹೊಡೆದ ಗಂಡನಿಗೆ ವಯಸ್ಸಾದಾಗ, ಕಾಯಿಲೆ ಬಿದ್ದಾಗ, ಅದೇ ಹೆಂಡತಿ ಅದೇ ಮನೆಯಲ್ಲಿ ಅವನ ದಾದಿಯಾಗುತ್ತಾಳೆ. ಅವಳ ಹಳೆಯ ಗಾಯದ ಬಗ್ಗೆ ಮಾತಾಡಿದರೆ, ಈಗ ಯಾಕೆ ಅದೆಲ್ಲ, ಪಾಪ ರೋಗಿ ಎನ್ನುತ್ತಾರೆ. ಅವಳಿಗೂ ನಮ್ಮ ಬಾಗಿಲು ತೆರೆದಿರಬೇಕು. ನಮ್ಮ ಸಲಹಾ ಕೇಂದ್ರಗಳಿಗೆ ಬರುವ ವಯಸ್ಸಾದ ಹೆಂಗಸರನ್ನು, ನಿಮ್ಮ ಮನೆಯಲ್ಲಿ ಯಾರ ಆರೈಕೆ ಮಾಡುತ್ತಿದ್ದೀರಿ, ಅವರು ಹಿಂದೆ ನಿಮ್ಮನ್ನು ಹೇಗೆ ನಡೆಸಿಕೊಂಡಿದ್ದರು, ನೀವು ಎಷ್ಟು ಹೊತ್ತು ಮಲಗುತ್ತೀರಿ ಎಂದು ಕೇಳಿ. ಈ ಮೂರು ಪ್ರಶ್ನೆ ಸಾಕು, ಅವರು ಮಾತಾಡುತ್ತಾರೆ.

ಆತ ಈಗ ಹೆಚ್ಚು ಹೊತ್ತು ಹಾಸಿಗೆಯಲ್ಲೇ ಇರುತ್ತಾನೆ. ಮುಂದಿನ ವಾರ ನನ್ನ ಸರದಿ ಇದೆ. ಆಕೆ ಈ ಸಲ ಎರಡು ದಿನ ತವರಿಗೆ ಹೋಗಬೇಕೆಂದಿದ್ದಾಳೆ. ಎರಡು ರಾತ್ರಿಯೂ ಅಲ್ಲಿರುವವನು ಮೈದುನ. ಅದನ್ನು ಮೊದಲೇ ಬರೆಸಿಕೊಂಡಿದ್ದೇವೆ.